ನಂಜುಂಡಪ್ಪ ವರದಿ ಅಂದ್ರೆ ಬರೀ ಕೋಟಿಗಳ ಲೆಕ್ಕವೇ?

ಕಲಬುರಗಿ ಕಡೆ ಯಾವ ಹೋರಾಟದ ಸಭೆಗೆ ಹೋದರೂ 'ನಂಜುಂಡಪ್ಪ ವರದಿ ಜಾರಿ ಮಾಡ್ರಿ' ಅನ್ನೋ ಕೂಗು ಕೇಳೇ ಕೇಳುತ್ತೆ. ವರದಿಯಲ್ಲಿ ಏನಿದೆ ಅಂತ ವಿಚಾರಿಸಿದರೆ 'ನಮ್ಮ ಭಾಗಕ್ಕೆ ಇಷ್ಟು ಕೋಟಿ ಕೊಡಬೇಕು ಅಂತ ಇದೆ' ಎನ್ನುವವರೇ ಹೆಚ್ಚು. ಸುಳ್ಳಲ್ಲ, ಆದರೆ ಅರ್ಧ ಮಾತು. ಉಳಿದರ್ಧ ಚರ್ಚೆಯಿಂದ ಜಾರಿಹೋಗಿದೆ ಅನ್ನೋದು ನನ್ನ ತಕರಾರು.

ಮೊದಲು ವರದಿಯ ಪರಿಚಯ. ಡಾ. ಡಿ.ಎಂ. ನಂಜುಂಡಪ್ಪ ಅರ್ಥಶಾಸ್ತ್ರಜ್ಞರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಬೆಂಗಳೂರು ವಿಶ್ವವಿದ್ಯಾಲಯ ಎರಡರಲ್ಲೂ ಕುಲಪತಿಯಾಗಿದ್ದವರು, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿದ್ದವರು. ಪ್ರಾದೇಶಿಕ ಅಸಮತೋಲನ ನಿವಾರಣೆಗೆ 2000ರಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ರಚಿಸಿದ ಉನ್ನತಾಧಿಕಾರ ಸಮಿತಿಗೆ ಅವರೇ ಅಧ್ಯಕ್ಷರು. ವರದಿ ಸಲ್ಲಿಕೆಯಾಗಿದ್ದು 2002ರ ಜೂನ್‌ನಲ್ಲಿ.

ಸಮಿತಿ ಮಾಡಿದ ದೊಡ್ಡ ಕೆಲಸ, ಅಳತೆಯನ್ನು ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಸಿದ್ದು. ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಲ್ಲಿ ತೂಗಿ, ಪ್ರತಿಯೊಂದಕ್ಕೂ ಒಂದು ಸಮಗ್ರ ಅಭಿವೃದ್ಧಿ ಸೂಚ್ಯಂಕ ಕೊಟ್ಟರು. ಕೃಷಿ, ಕೈಗಾರಿಕೆ, ಬ್ಯಾಂಕು, ರಸ್ತೆ, ಶಾಲೆ, ಆಸ್ಪತ್ರೆ ಎಲ್ಲವೂ ಅದರೊಳಗೆ ಬಂದವು. ರಾಜ್ಯದ ಸರಾಸರಿಯನ್ನು 1 ಅಂತ ಇಟ್ಟುಕೊಂಡರೆ ಅದಕ್ಕಿಂತ ಕೆಳಗಿದ್ದವು 114 ತಾಲ್ಲೂಕು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ 39ರಲ್ಲಿ 26 ಉತ್ತರ ಕರ್ನಾಟಕದವು, 13 ದಕ್ಷಿಣದವು. ಇದನ್ನು ಬರೀ ಉತ್ತರ–ದಕ್ಷಿಣದ ಜಗಳ ಅಂದುಕೊಂಡವರು ಆ 13ನ್ನು ಗಮನಿಸಬೇಕು. ಕಲಬುರಗಿ ವಿಭಾಗ ಒಂದರಲ್ಲೇ 21. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದೇ ಪಟ್ಟಿಯಲ್ಲಿದ್ದವು.

ಪರಿಹಾರವಾಗಿ ಅವರು ಹೇಳಿದ್ದು ಎಂಟು ವರ್ಷದಲ್ಲಿ 31,000 ಕೋಟಿ ರೂಪಾಯಿ. ಅದರಲ್ಲಿ 16,000 ಕೋಟಿ ಹೆಚ್ಚುವರಿಯಾಗಿ ಬರಬೇಕು. ಹಂಚಿಕೆಯಲ್ಲಿ 60 ಪಾಲು ಉತ್ತರಕ್ಕೆ, 40 ದಕ್ಷಿಣಕ್ಕೆ. 2003–04ರಿಂದ ಶುರುವಾಗಬೇಕಿದ್ದ ವಿಶೇಷ ಅಭಿವೃದ್ಧಿ ಯೋಜನೆ ಶುರುವಾಗಿದ್ದು 2007–08ರಲ್ಲಿ. ಆಮೇಲೆ ಸಂವಿಧಾನದ 371(ಜೆ) ವಿಧಿ ಬಂತು, 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯ್ತು. ಇತ್ತೀಚಿನ ಬಜೆಟ್‌ಗಳಲ್ಲಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಘೋಷಣೆಯಾಗ್ತಿದೆ. ಹಾಗಾಗಿ 'ದುಡ್ಡೇ ಕೊಟ್ಟಿಲ್ಲ' ಅನ್ನೋ ಹಳೇ ಮಾತು ಈಗ ಪೂರ್ತಿ ನಿಲ್ಲಲ್ಲ.

ಇಷ್ಟಾದರೂ ರಾಜ್ಯದ ಆರ್ಥಿಕ ಸಮೀಕ್ಷೆಗಳ ತಲಾ ಆದಾಯದ ಪಟ್ಟಿಯಲ್ಲಿ ಕಲಬುರಗಿ ಕಟ್ಟಕಡೆಗೇ ಕೂತಿದೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇ 66.14, ಕಲಬುರಗಿಯದು ಶೇ 42.43, ಕೊನೆಯ ಸ್ಥಾನ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಅದೇ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೊದಲ ಪ್ರಯತ್ನದಲ್ಲಿ ಹತ್ತನೇ ಕ್ಲಾಸು ದಾಟಲಿಲ್ಲ. ಸಂಸ್ಥೆ ಬರೋದು ಬೇರೆ, ಅಲ್ಲಿಗೆ ತಲುಪೋ ಹುಡುಗ ಹುಡುಗಿಯರು ತಯಾರಾಗೋದು ಬೇರೆ.

ಎಡವಿದ್ದೆಲ್ಲಿ? ಅದಕ್ಕೆ ಮಾದನಹಿಪ್ಪರಗಾಕ್ಕೆ ಬರೋಣ. ಆಳಂದ ತಾಲ್ಲೂಕಿನ ಹೋಬಳಿ ಕೇಂದ್ರ, ಮಹಾರಾಷ್ಟ್ರದ ಗಡಿ ಮಗ್ಗುಲಲ್ಲೇ. ತಾಲ್ಲೂಕಿನಲ್ಲಿ ಕೋರಳ್ಳಿ ಹತ್ತಿರ ಅಮರ್ಜಾ ಜಲಾಶಯ ಇದೆ, ಆದರೂ ಈ ಸೀಮೆಯ ಬಹುಪಾಲು ಎರೆ ಹೊಲ ಮಳೆಯನ್ನೇ ನಂಬಿಕೊಂಡಿದೆ. ಬೆಳೆ ತೊಗರಿ. ಜೂನ್–ಜುಲೈಯಲ್ಲಿ ಬಿತ್ತಿದರೆ ರಾಶಿ ಆಗೋದು ಡಿಸೆಂಬರ್–ಜನವರಿಗೆ. ಅರ್ಧ ವರ್ಷ ಒಂದೇ ಬೆಳೆಯ ಮೇಲೆ ಬದುಕು.

ಇಲ್ಲಿ ಉತ್ಪಾದಕತೆ ಅಂದ್ರೆ ಬಹಳ ಸರಳ: ಅದೇ ಎಕರೆಯಿಂದ, ಅದೇ ದುಡಿಮೆಯಿಂದ ಎಷ್ಟು ಕಾಳು ಬಂತು, ಎಷ್ಟು ರೂಪಾಯಿ ಬಂತು. ಇದನ್ನು ಹೆಚ್ಚಿಸೋ ದಾರಿ ಗೊತ್ತಿಲ್ಲದ್ದೇನಲ್ಲ. ನೆಟೆ ರೋಗ ತಡೆಯುವ ಟಿಎಸ್-3ಆರ್ ತಳಿ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲೇ ಬೆಳೆದದ್ದು. ಗಿಡ ಒಂದೂವರೆ ತಿಂಗಳಾದಾಗ ಕುಡಿ ಚಿವುಟಿದರೆ ಕವಲು ಹೆಚ್ಚುತ್ತೆ. ಹೂ ಉದುರದಂತೆ ಸಿಂಪಡಿಸೋ 'ಪಲ್ಸ್ ಮ್ಯಾಜಿಕ್' ರಾಯಚೂರು ಕೃಷಿ ವಿಶ್ವವಿದ್ಯಾಲಯದ್ದು. ಇವಕ್ಕೆ ಸಾವಿರ ಕೋಟಿ ಬೇಡ. ಸರಿಯಾದ ವಾರದಲ್ಲಿ ಬೀಜ ಸಿಗಬೇಕು, ಹೊಲಕ್ಕೆ ಬಂದು ತೋರಿಸೋ ಮನುಷ್ಯ ಬೇಕು, ಅದೂ ಪ್ರತಿ ವರ್ಷ ಬೇಕು. 2022–23ರಲ್ಲಿ ನೆಟೆ ರೋಗಕ್ಕೆ ಜಿಲ್ಲೆಯ ತೊಗರಿ ಒಣಗಿ ನಿಂತಾಗ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಕೊಟ್ಟಿತು. ಕೊಟ್ಟದ್ದು ಸರಿ. ಆದರೆ ರೋಗ ಬಂದ ಮೇಲೆ ದುಡ್ಡು ಸಿಗುತ್ತೆ, ಬರೋಕೆ ಮುಂಚೆ ಬೀಜ ಸಿಗಲ್ಲ ಅಂದ್ರೆ ಅದನ್ನು ಅಭಿವೃದ್ಧಿ ಅಂತ ಹೇಗೆ ಕರೆಯೋದು?

ನನ್ನ ವಾದ ಇಷ್ಟು. ನಂಜುಂಡಪ್ಪನವರ ಕೃಷಿ ಸೂಚಕಗಳು ಹೆಚ್ಚಾಗಿ ಒಳಗೆ ಹಾಕಿದ್ದನ್ನು ಅಳೆಯುತ್ತವೆ: ನೀರಾವರಿ, ರಸಗೊಬ್ಬರ, ಟ್ರ್ಯಾಕ್ಟರ್, ಬ್ಯಾಂಕ್ ಸಾಲ. 2002ರಲ್ಲಿ ಸಿಗುವ ಅಂಕಿಅಂಶದಲ್ಲಿ ಅದು ದೊಡ್ಡ ಕೆಲಸವೇ. ಸರ್ಕಾರಗಳು ಮಾತ್ರ ಆ ಅಳತೆಕೋಲನ್ನು ಪಾಲು ಹಂಚೋ ಪಟ್ಟಿ ಮಾಡಿಕೊಂಡವು. ಸೂಚ್ಯಂಕ ಕಡಿಮೆ ಇದ್ದರೆ ದುಡ್ಡು ಜಾಸ್ತಿ. ದುಡ್ಡು ಬಂದ ಮೇಲೆ ಸೂಚ್ಯಂಕ ಏರಿತಾ ಅಂತ ಮತ್ತೆ ಅಳೆಯೋ ಕೆಲಸ ಹಿಂದೆ ಬಿತ್ತು. ವರ್ಷದೊಳಗೆ ಖರ್ಚು ತೋರಿಸೋಕೆ ಕಾಮಗಾರಿಯೇ ಸುಲಭ. ಸಿಸಿ ರಸ್ತೆಗೆ ಗುತ್ತಿಗೆದಾರ ಇದ್ದಾನೆ, ಉದ್ಘಾಟನೆಯ ಕಲ್ಲು ಇದೆ. ಗಣಿತದ ಮೇಷ್ಟ್ರಿಗೆ ಯಾವ ಕಲ್ಲು ನೆಡ್ತಾರೆ?

ಹಾಗಂತ ರಸ್ತೆ ಬೇಡ ಅಂತಲ್ಲ. ಗಡಿ ದಾಟಿದರೆ ದುಧನಿಯ ಮಾರುಕಟ್ಟೆ ಸಿಗುತ್ತೆ, ಒಳ್ಳೇ ರಸ್ತೆ ಇದ್ದರೆ ರೈತ ಎರಡು ಕಡೆ ದರ ನೋಡಿ ಮಾರಬಹುದು. ಅದೂ ಉತ್ಪಾದಕತೆಯೇ. ಎಲ್ಲವೂ ರಾಜ್ಯದ ಕೈಯಲ್ಲೂ ಇಲ್ಲ. 2021ರ ಮೇ ತಿಂಗಳಲ್ಲಿ ಕೇಂದ್ರ ತೊಗರಿ ಆಮದನ್ನು ಮುಕ್ತ ಮಾಡಿತು. ಮ್ಯಾನ್ಮಾರ್, ಮೊಜಾಂಬಿಕ್‌ನ ಕಾಳು ಬಂದಷ್ಟೂ ಇಲ್ಲಿನ ದರಕ್ಕೆ ಪೆಟ್ಟು. 2024–25ರಲ್ಲಿ 7,550 ರೂಪಾಯಿ ಬೆಂಬಲ ಬೆಲೆಯ ಮೇಲೆ ರಾಜ್ಯ 450 ಸೇರಿಸಬೇಕಾಗಿ ಬಂದದ್ದು ಇದೇ ಒತ್ತಡದಲ್ಲಿ. ಇಳುವರಿ ಏರಿ ದರ ಬಿದ್ದರೆ ರೈತನಿಗೆ ಉಳಿಯೋದೇನು? ಈ ಪ್ರಶ್ನೆಗೆ ತಾಲ್ಲೂಕು ಸೂಚ್ಯಂಕದಲ್ಲಿ ಉತ್ತರ ಇಲ್ಲ.

2024ರಲ್ಲಿ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚಿಸಿತು. ಅವರು 14ನೇ ಹಣಕಾಸು ಆಯೋಗದ ಸದಸ್ಯರಾಗಿದ್ದವರು, ಸರ್ಕಾರಿ ಹಣಕಾಸಿನ ತಜ್ಞರು. ಹಳೇ ಪಟ್ಟಿ ಹೇಗೂ ಹಳತಾಗಿದೆ: ಜೇವರ್ಗಿಗೆ ಅಂಕ ಕೊಟ್ಟಾಗ ಯಡ್ರಾಮಿ ಅದರೊಳಗೇ ಇತ್ತು, ಈಗ ಬೇರೆ ತಾಲ್ಲೂಕು. ಹೊಸ ಪಟ್ಟಿಯ ಚರ್ಚೆಯಲ್ಲಿ ನಮ್ಮ ತಾಲ್ಲೂಕಿಗೆ ಎಷ್ಟು ಕೋಟಿ ಅಂತ ಎಲ್ಲರೂ ಕೇಳ್ತಾರೆ. ಅದರ ಜೊತೆ ಇನ್ನೆರಡು ಕಾಲಂ ಕೇಳಿ: ಮಾದನಹಿಪ್ಪರಗಾ ಹೋಬಳಿಯಲ್ಲಿ ಎಕರೆಗೆ ಎಷ್ಟು ಕ್ವಿಂಟಲ್ ತೊಗರಿ, ಮತ್ತು ಅಲ್ಲಿನ ಹೈಸ್ಕೂಲುಗಳಲ್ಲಿ ಖಾಲಿ ಇರೋ ಶಿಕ್ಷಕರ ಹುದ್ದೆ ಎಷ್ಟು. ಎರಡನ್ನೂ ಪ್ರತಿ ವರ್ಷ ತಾಲ್ಲೂಕು ಪಂಚಾಯಿತಿಯ ಗೋಡೆ ಮೇಲೆ ಬರೆದು ಹಾಕಲಿ.