ಚೀನೀ ಲಿಪಿಯ ಕೈಬರಹ: ತಂತ್ರಾಂಶದ ನೆರವು
ಚೀನೀ ಲಿಪಿಚಿಹ್ನೆಯನ್ನು ಕಂಡು ಗುರುತಿಸುವುದೂ ನೆನಪಿನಿಂದ ಬರೆಯುವುದೂ ಬೇರೆ ಬೇರೆ ಸಾಮರ್ಥ್ಯಗಳು. ಉಚ್ಚಾರಣೆಯನ್ನು ರೋಮನ್ ಅಕ್ಷರಗಳಲ್ಲಿ ಬೆರಳಚ್ಚಿಸಿ, ಪರದೆಯಲ್ಲಿ ಮೂಡುವ ಚಿಹ್ನೆಗಳಿಂದ ಒಂದನ್ನು ಆಯುವ ರೂಢಿಯಿಂದ ಮೊದಲನೆಯದು ಉಳಿದು ಎರಡನೆಯದು ಕುಂದುತ್ತದೆ. ಲೇಖನಿ ಹಿಡಿದಾಗ ಅಕ್ಷರವೇ ಮರೆತುಹೋಗುವ ಈ ಸ್ಥಿತಿಯನ್ನು ಚೀನೀಯರು ‘ತಿಬಿ ವಾಂಗ್‌ತ್ಸು’ ಎನ್ನುತ್ತಾರೆ.

ಸ್ಕ್ರಿಟರ್‌ನಂತಹ ತಂತ್ರಾಂಶಗಳು ಅರ್ಥ, ಉಚ್ಚಾರಣೆಗಳನ್ನಷ್ಟೇ ತೋರಿಸಿ ಚಿಹ್ನೆಯನ್ನು ಬೆರಳಿನಿಂದ ಬರೆಯಿಸುತ್ತವೆ. ಗೆರೆಗಳ ಕ್ರಮ ತಪ್ಪಿದರೆ ತಿದ್ದುತ್ತವೆ. ತಪ್ಪಿದ ಚಿಹ್ನೆ ಬೇಗನೆ, ಸರಿಯಾದುದು ತಡವಾಗಿ ಮರಳುತ್ತದೆ. ಈ ಕ್ರಮದ ಬೇರುಗಳು ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಮರೆವಿನ ಅಧ್ಯಯನದಲ್ಲಿವೆ.

ಘಟಕಗಳನ್ನು ಅರಿತರೆ ನೆನಪಿನ ಹೊರೆ ಇಳಿಯುತ್ತದೆ: ‘ಮನುಷ್ಯ’ನ 2 ಗೆರೆಗಳ ಪಕ್ಕದಲ್ಲಿ ‘ಮರ’ದ 4 ಗೆರೆಗಳು ನಿಂತರೆ ‘ವಿಶ್ರಾಂತಿ’. ಆದರೆ ಸೊಟ್ಟ ಗೆರೆಯನ್ನು ತಂತ್ರಾಂಶವೇ ನೇರ್ಪಡಿಸುವುದುಂಟು. ಆದ್ದರಿಂದ ಕಲಿಕೆಯ ನಿಜವಾದ ಪರೀಕ್ಷೆ ಖಾಲಿ ಕಾಗದವೇ.