ಕರಿಬೇವು: ಒಂದು ಹೆಸರಿನ ಪೂರ್ವೋತ್ತರ

ವಯನಾಡಿನ ಮರಕ್ಕಡವು ಕಬಿನಿಯ ಒಂದು ದಡದಲ್ಲಿದೆ. ಎದುರು ದಡದ್ದು ಮೈಸೂರು ಜಿಲ್ಲೆಯ ಬೈರಕುಪ್ಪೆ. ಕಡವೆಂದರೆ ದೋಣಿಯಲ್ಲಿ ಹೊಳೆ ದಾಟುವ ಎಡೆ. 1956ರ ನವೆಂಬರ್ 1ರವರೆಗೆ ಈಚೆಯ ದಡ ಮದರಾಸು ರಾಜ್ಯದ ಮಲಬಾರು ಜಿಲ್ಲೆಗೆ ಸೇರಿದ್ದಿತು. ಅಂದಿನಿಂದ ಕೇರಳಕ್ಕೆ ಸೇರಿತು. ಗಡಿಯ ಹೆಸರುಗಳು ಹೀಗೆ ಬದಲಾದರೂ ಎರಡೂ ದಡದ ಒಗ್ಗರಣೆಗೆ ಬೀಳುವ ಎಲೆ ಒಂದೇ.

ಈ ಸೀಮೆಯ ಮೆಣಸಿನ ಚರಿತ್ರೆ ಬರೆಯಹೊರಟವರಿಗೆ ಸಾಮಗ್ರಿಯ ಕೊರತೆಯಿಲ್ಲ. 1498ರಲ್ಲಿ ವಾಸ್ಕೋ ಡ ಗಾಮನು ಕೋಳಿಕ್ಕೋಡಿಗೆ ಬಂದುದೂ ಸಂಬಾರದ ಆಸೆಯಿಂದಲೇ. ಕರಿಬೇವಿಗೆ ಆ ಭಾಗ್ಯವಿಲ್ಲ. ಅದರ ಘಮವು ಆರಿಹೋಗುವ ತೈಲದಲ್ಲಿದೆ; ಎಲೆ ಒಣಗಿದರೆ ಉಳಿಯುವುದು ಅಲ್ಪವೇ. ದೂರದ ಹಡಗಿಗೆ ಒಗ್ಗದೆ ಅದು ಹಿತ್ತಿಲಲ್ಲಿಯೇ ನಿಂತಿತು. ಆದುದರಿಂದ ಅದರ ಪೂರ್ವವನ್ನು ನಾವು ವರ್ತಕರ ಲೆಕ್ಕಗಳಿಗಿಂತ ಜನರ ಮಾತಿನಲ್ಲಿ ಅರಸಬೇಕಾಗಿದೆ.

ಕನ್ನಡದ ಕರಿಬೇವು, ಮಲಯಾಳದ ಕರಿವೇಪ್ಪಿಲ, ತಮಿಳಿನ ಕರಿವೇಪ್ಪಿಲೈ, ತೆಲುಗಿನ ಕರಿವೇಪಾಕು—ನಾಲ್ಕರಲ್ಲಿಯೂ ಬೇವೇ ಇದೆ. ಒಬ್ಬರಿಂದೊಬ್ಬರು ಎರವಲು ತಂದರೆನ್ನುವುದಕ್ಕಿಂತ, ಇದು ಅವರ ಹಳೆಯ ಒಡಹುಟ್ಟಿನ ಸೊತ್ತೆನ್ನುವುದೇ ನಮಗೆ ಯುಕ್ತವಾಗಿ ತೋರುತ್ತದೆ. ವಿಚಿತ್ರವೆಂದರೆ, ಗಿಡವು ಬೇವಿನ ಕುಲದ್ದಲ್ಲ. ನಿಂಬೆ, ಕಿತ್ತಳೆಗಳ ಬಳಗದ್ದು. ಎಲೆಯ ಜೋಡಣೆಯನ್ನು ಕಂಡು ಹಿರಿಯರು ಹಾಗೆ ಕರೆದಿರಬೇಕು. ಸಂಸ್ಕೃತದವರೂ ಅದನ್ನು ಗಿರಿನಿಂಬವೆಂದರು. ಬೆಟ್ಟದ ಬೇವೆಂದೇ ಅರ್ಥ. ಪಶ್ಚಿಮಘಟ್ಟದ ಕಾಡುಗಳಲ್ಲಿ ಇದು ತಾನಾಗಿ ಬೆಳೆಯುವುದರಿಂದ ಆ ಹೆಸರು ಒಪ್ಪುತ್ತದೆ. 1771ರಲ್ಲಿ ಲಿನೇಯಸನು ಶಾಸ್ತ್ರೀಯ ನಾಮವನ್ನಿಡುವಾಗ, ತರಂಗಂಬಾಡಿಯಲ್ಲಿದ್ದ ತನ್ನ ಶಿಷ್ಯ ಕೋನಿಗನ ಹೆಸರನ್ನು ಅದಕ್ಕೆ ಸೇರಿಸಿದನು. ಹಿತ್ತಿಲಲ್ಲಿ ನೀರೆರೆದ ನಮ್ಮ ಅಜ್ಜಿಯರ ಹೆಸರು ಯಾವ ಶಾಸ್ತ್ರದಲ್ಲಿಯೂ ಸೇರಲಿಲ್ಲವೆನ್ನಿ.

ಗುಣದ ಮಾತಿಗೆ ಬಂದರೆ, ಎಲೆಯಲ್ಲಿ ಸುಣ್ಣದ ಅಂಶ, ಕಬ್ಬಿಣ ಹಾಗೂ ಎ ಜೀವಸತ್ತ್ವವಾಗಿ ಮಾರ್ಪಡುವ ಕೆರೋಟಿನ್ ಚೆನ್ನಾಗಿವೆ. ಆದರೆ ಆಕ್ಸಲೇಟು ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ಇದ್ದಷ್ಟೂ ಮೈಗೆ ಸೇರದು. ಅರೆದು ಮಜ್ಜಿಗೆಯಲ್ಲಿ ಕುಡಿಯುವ ಮನೆಮದ್ದು ಅಜೀರ್ಣಕ್ಕೆ ರೂಢಿಯಲ್ಲಿದೆ. ಸಕ್ಕರೆ ಕಾಯಿಲೆಯವರು ಇದನ್ನೇ ನಂಬಿ ಔಷಧಿ ಬಿಡುವುದು ಸಲ್ಲದು.

ಇಷ್ಟಾದರೂ ಉಣ್ಣುವವರು ಅದನ್ನು ಬಾಳೆಲೆಯ ಅಂಚಿಗೆ ಸರಿಸುವುದುಂಟು. ಚಟ್ನಿಪುಡಿ ಮಾಡುವ ಗೃಹಿಣಿ ಮಾತ್ರ ಹುರಿದು ಪುಡಿಮಾಡಿ, ಆರಿಸಿ ತೆಗೆಯುವುದಕ್ಕೆ ಎಡೆಯನ್ನೇ ಉಳಿಸುವುದಿಲ್ಲ.