ಭಾರದ ಮೂರೆತ್ತು, ಹಗುರದ ಮೂವತ್ತೆತ್ತು: ಪಾವಗಡದ ದುಡಿಮೆಯ ಹಿನ್ನೆಲೆಯಲ್ಲಿ ಒಂದು ಟಿಪ್ಪಣಿ

ಪಾವಗಡದಂಥ ಊರಿನಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಾಗುವ ಹುಡುಗನಿಗೆ ಎರಡು ಬಗೆಯ ಮೈ ಬೇಕು. ಸಹಿಷ್ಣುತೆ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. 7.26 ಕೆ.ಜಿ. ತೂಕದ ಗುಂಡನ್ನು 5.60 ಮೀಟರ್ ದೂರಕ್ಕೆ ಎಸೆಯಬೇಕು. ಓಟ ಕೇಳುವುದು ದಣಿವನ್ನು ತಾಳುವ ಕಾಲನ್ನು. ಗುಂಡು ಕೇಳುವುದು ಒಂದೇ ಕ್ಷಣದಲ್ಲಿ ಹೊಮ್ಮುವ ಬಲವನ್ನು. ಹಾಗಾದರೆ ಜಿಮ್‌ನಲ್ಲಿ ಆತ ಒಂದು ಸೆಟ್‌ಗೆ, ಅಂದರೆ ನಡುವೆ ವಿರಾಮವಿಲ್ಲದೆ, ಎಷ್ಟು ರೆಪ್ಸ್ (ಎತ್ತು) ಹಾಕಬೇಕು? ಭಾರ ಹೇರಿ ಮೂರೋ ಐದೋ? ಮಧ್ಯಮ ತೂಕದಲ್ಲಿ ಹತ್ತೋ? ಹಗುರ ತೂಕದಲ್ಲಿ ಇಪ್ಪತ್ತೈದೋ? ಮೂರನ್ನೂ ಬೆರೆಸಬಹುದು ಎಂಬುದಕ್ಕೆ ಆಧಾರವಿದೆ. ಆದರೆ ಬೆರಕೆಯ ಪ್ರಮಾಣವನ್ನು ಅವನ ದಿನದ ದುಡಿಮೆ ನೋಡಿಯೇ ನಿರ್ಧರಿಸಬೇಕು ಎಂಬುದು ಈ ಟಿಪ್ಪಣಿಯ ವಾದ.

ಎತ್ತುಗಳನ್ನು ಲೆಕ್ಕವಿಟ್ಟು ವೈದ್ಯಕೀಯವಾಗಿ ಬಳಸಿದವರಲ್ಲಿ ಮೊದಲಿಗರು ಅಮೆರಿಕದ ಸೇನಾ ವೈದ್ಯ ಥಾಮಸ್ ಡೆಲೋರ್ಮ್. ಗಾಯಗೊಂಡ ಸೈನಿಕರ ಕಾಲಿನ ಬಲ ಮರಳಿಸಲು ಅವರು ಹತ್ತು ಸಲ ಮಾತ್ರ ಎತ್ತಲು ಸಾಧ್ಯವಾಗುವ ಭಾರವನ್ನು ಅಳತೆಗೋಲಾಗಿ ಹಿಡಿದು 1945ರಲ್ಲಿ ಪ್ರಬಂಧ ಪ್ರಕಟಿಸಿದರು. 1962ರಲ್ಲಿ ರಿಚರ್ಡ್ ಬರ್ಗರ್ ಹಲವು ಸೆಟ್–ರೆಪ್ ಜೋಡಣೆಗಳನ್ನು ಹೋಲಿಸಿ, ಬಲಕ್ಕೆ ಆರು ರೆಪ್‌ಗಳ ಮೂರು ಸೆಟ್ ಹೆಚ್ಚು ಫಲ ಕೊಟ್ಟಿತೆಂದು ತೋರಿಸಿದರು.

ನಮ್ಮ ಪ್ರಶ್ನೆಗೆ ಹೆಚ್ಚು ನೇರವಾದ ಉತ್ತರ 2002ರ ಕ್ಯಾಂಪೋಸ್ ಮತ್ತು ಸಂಗಡಿಗರ ಅಧ್ಯಯನದಲ್ಲಿದೆ. ಅಭ್ಯಾಸವಿಲ್ಲದ 32 ಗಂಡಸರ ಮೇಲೆ, ಕಾಲಿನ ವ್ಯಾಯಾಮಗಳಲ್ಲಿ, 8 ವಾರ ನಡೆದ ಪ್ರಯೋಗವಿದು. ಒಂದು ಗುಂಪು 3–5 ರೆಪ್ಸ್, ಇನ್ನೊಂದು 9–11, ಮತ್ತೊಂದು 20–28 ರೆಪ್ಸ್ ಮಾಡಿತು. ಯಾವ ವ್ಯಾಯಾಮವನ್ನೂ ಮಾಡದ ಗುಂಪೂ ಹೋಲಿಕೆಗೆ ಇತ್ತು. ಗರಿಷ್ಠ ಭಾರ ಎತ್ತುವ ಶಕ್ತಿ ಹೆಚ್ಚು ಬೆಳೆದದ್ದು ಕಡಿಮೆ ರೆಪ್ಸ್‌ನ ಗುಂಪಿನಲ್ಲಿ. ಹಗುರ ಭಾರವನ್ನು ಬಹಳ ಸಲ ಎತ್ತುವ ತಾಳಿಕೆ ಬೆಳೆದದ್ದು ಹೆಚ್ಚು ರೆಪ್ಸ್‌ನ ಗುಂಪಿನಲ್ಲಿ. ಏನನ್ನು ಅಭ್ಯಾಸ ಮಾಡುತ್ತೇವೋ ಅದರಲ್ಲೇ ದೇಹ ಪಳಗುತ್ತದೆ. ಕುಂದಾಪುರ ತಾಲ್ಲೂಕಿನ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆ ಕಣದಲ್ಲಿ ಲೆಕ್ಕಕ್ಕೆ ಬರುವುದು ಒಂದೊಂದೇ ಎತ್ತು.

ಸ್ನಾಯುವಿನ ಗಾತ್ರದ ಮಾತೇ ಬೇರೆ. ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು 2015ರಲ್ಲಿ ಅನುಭವಿ ವ್ಯಾಯಾಮಿಗಳಲ್ಲಿ 8–12 ಮತ್ತು 25–35 ರೆಪ್ಸ್ ಹೋಲಿಸಿದರು. ಇನ್ನೊಂದು ಸಲ ಎತ್ತಲಾಗದಷ್ಟು ಸೋಲುವವರೆಗೆ ಎತ್ತಿದಾಗ ಎರಡರಲ್ಲೂ ಸ್ನಾಯು ಹೆಚ್ಚುಕಮ್ಮಿ ಸಮನಾಗಿ ಬೆಳೆಯಿತು. ಸ್ಕ್ವಾಟ್‌ನ ಗರಿಷ್ಠ ಬಲ ಮಾತ್ರ ಭಾರ ಎತ್ತಿದವರಲ್ಲಿ ಹೆಚ್ಚಾಯಿತು. ಮರುವರ್ಷ ಅದೇ ತಂಡ 19 ಜನರಲ್ಲಿ ಬೆರಕೆ ಕ್ರಮವನ್ನೇ ಪರೀಕ್ಷಿಸಿತು. ಕೆಲವರು ಯಾವಾಗಲೂ 8–12, ಉಳಿದವರು ಒಂದು ದಿನ 2–4, ಒಂದು ದಿನ 8–12, ಒಂದು ದಿನ 20–30. ಎಂಟು ವಾರದ ಕೊನೆಗೆ ಎರಡೂ ಗುಂಪುಗಳ ಬೆಳವಣಿಗೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬೆರೆಸಿದರೆ ಮೈ ಎರಡು ಪಟ್ಟು ಬೆಳೆಯುತ್ತದೆ ಎಂದು ಹೇಳಿಕೊಡುವವರು ಈ ಫಲಿತಾಂಶವನ್ನು ಗಮನಿಸಬೇಕು. ಬೆರಕೆಯಿಂದ ಆಗುವ ನಿಜವಾದ ಲಾಭ ಬಲ ಮತ್ತು ತಾಳಿಕೆ ಎರಡನ್ನೂ ಒಂದೇ ವಾರದಲ್ಲಿ ಕಾಯ್ದುಕೊಳ್ಳುವುದು. ಪೊಲೀಸ್ ಪರೀಕ್ಷೆಯ ಹುಡುಗನಿಗೆ ಬೇಕಾಗಿರುವುದೂ ಅದೇ.

ಬೇರೆ ಬೇರೆ ಶ್ರಮವನ್ನು ಒಂದೇ ಅಭ್ಯಾಸದೊಳಗೆ ತರುವುದು ಈ ನಾಡಿಗೆ ಹೊಸದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಸಂಸ್ಕೃತ ಗ್ರಂಥ ಮಾನಸೋಲ್ಲಾಸ, ಮಲ್ಲವಿನೋದದ ಭಾಗದಲ್ಲಿ ಜಟ್ಟಿಗಳ ಸಾಧನೆಯನ್ನು ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಮುಂತಾಗಿ ವಿಂಗಡಿಸುತ್ತದೆ: ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಸಾಮು. ನಮ್ಮ ಗರಡಿ ಮನೆಗಳಲ್ಲೂ ದಂಡ–ಬಸ್ಕಿಗಳನ್ನು ನೂರರ ಲೆಕ್ಕದಲ್ಲಿ ಹೊಡೆಯುತ್ತಿದ್ದರು. ಗುಂಡುಕಲ್ಲನ್ನು ಹೆಗಲಿಗೇರಿಸುವುದು ಬೆರಳೆಣಿಕೆಯಷ್ಟು ಸಲ. ಪ್ರಯೋಗಾಲಯಗಳು ಇಂದು ಅಳೆಯುತ್ತಿರುವ ಎರಡು ತುದಿಗಳೂ ಗರಡಿಯ ಕೆಮ್ಮಣ್ಣಿನ ಮೇಲೆ ಜೊತೆಗೇ ಇದ್ದವು ಎಂಬುದನ್ನು ನಾನು ಹೆಮ್ಮೆಯಿಂದಲೇ ದಾಖಲಿಸುತ್ತೇನೆ.

ಇನ್ನು ಪಾವಗಡಕ್ಕೆ ಬರೋಣ. ಇದು ಕಡಲೆಕಾಯಿಯ ಸೀಮೆ. ಕಳೆ ತೆಗೆಯುವುದು, ಗಿಡ ಕೀಳುವುದು, ಕಾಯಿ ಬಿಡಿಸುವುದು ಎಲ್ಲವೂ ಹಗುರವಾದ, ದಿನವಿಡೀ ಮರುಕಳಿಸುವ ದುಡಿಮೆ. ಮೂಟೆ ಹೊರುವ ಒಂದೆರಡು ದಿನ ಬಿಟ್ಟರೆ ಭಾರದ ಕೆಲಸ ಕಡಿಮೆ. 2018ರಲ್ಲಿ ಲಾಸೆವಿಸಿಯಸ್ ತಂಡ, ಗರಿಷ್ಠ ಬಲದ ಶೇ 20ರಷ್ಟೇ ಭಾರ ಎತ್ತಿದರೆ ಶೇ 80ರ ಭಾರ ಎತ್ತಿದಷ್ಟು ಸ್ನಾಯು ಬೆಳೆಯುವುದಿಲ್ಲವೆಂದು ತೋರಿಸಿದೆ. ಹೊಲದ ದುಡಿಮೆ ತಾಳಿಕೆ ಕೊಡುತ್ತದೆ, ಆದರೆ ಅದೊಂದರಿಂದಲೇ ಗುಂಡು ಎಸೆಯುವ ಬಲ ಬಾರದು ಎಂದು ಇದರಿಂದ ನಾನು ಊಹಿಸುತ್ತೇನೆ. ಹೊಲದಲ್ಲಿ ಬಗ್ಗಿ ದುಡಿದ ಹುಡುಗ ಸಂಜೆ ಜಿಮ್‌ಗೆ ಬಂದು ಮತ್ತೆ ಮೂವತ್ತು ಮೂವತ್ತು ರೆಪ್ಸ್ ಹಾಕಿದರೆ ದಣಿವಿನ ಮೇಲೆ ದಣಿವು. ಸುಗ್ಗಿಯ ವಾರಗಳಲ್ಲಿ ಅವನಿಗೆ ಎರಡು ದಿನ ಸಾಕು: ಒಂದು ದಿನ ಸ್ಕ್ವಾಟ್ ಮತ್ತು ಪ್ರೆಸ್ 3–5 ರೆಪ್ಸ್‌ನ ನಾಲ್ಕು ಸೆಟ್, ನಡುವೆ ಮೂರು ನಿಮಿಷ ವಿರಾಮ, ಇನ್ನೊಂದು ದಿನ 8–10 ರೆಪ್ಸ್.

ಎಲ್ಲರ ಮನೆಯ ಸ್ಥಿತಿ ಹಾಗಿಲ್ಲ. ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳಲ್ಲಿ ಸುಮಾರು 13,000 ಎಕರೆ ಜಮೀನು ಗುತ್ತಿಗೆಯ ಮೇಲೆ 2,050 ಮೆಗಾವಾಟ್‌ನ ಸೋಲಾರ್ ಪಾರ್ಕಿಗೆ ಹೋಗಿದೆ. ಹೊಲ ಗುತ್ತಿಗೆಗೆ ಹೋದ ಮನೆಯ ಮಗನಿಗೆ ಗಿಡ ಕೀಳುವ ಕೆಲಸವಿಲ್ಲ. ಅಪ್ಪನಿಗೆ ದುಡಿಮೆಯೇ ಕೊಡುತ್ತಿದ್ದ ತಾಳಿಕೆಯನ್ನು ಈತ ಬೇರೆಡೆ ಗಳಿಸಬೇಕು. ಇಂಥವನಿಗೆ ಮೂರು ದಿನದ ಬೆರಕೆ ಒಪ್ಪುತ್ತದೆ: ಭಾರದ ದಿನ, ಮಧ್ಯಮದ ದಿನ, ಒಂದೇ ನಿಮಿಷದ ವಿರಾಮವಿಟ್ಟು 20–25 ರೆಪ್ಸ್‌ನ ದಿನ. ಓಟ ಇದರ ಹೊರಗಿನ ಲೆಕ್ಕ. ರೆಪ್ಸ್ ಎಷ್ಟೇ ಹಾಕಿದರೂ 1600 ಮೀಟರಿಗೆ ಓಡಿಯೇ ತಯಾರಾಗಬೇಕು.

ಹೊಸಬರು ಮೊದಲ ಎರಡು ತಿಂಗಳು 8–12ರಲ್ಲೇ ಇದ್ದು ಬೆನ್ನು, ಮೊಣಕಾಲಿನ ಭಂಗಿ ಕಲಿಯಲಿ. ಭಾರದ ಸೆಟ್‌ಗಳನ್ನು ಇನ್ನೊಂದು ಸಲ ಎತ್ತುವ ಶಕ್ತಿ ಉಳಿದಿರುವಾಗಲೇ ನಿಲ್ಲಿಸಬೇಕು, ಪಕ್ಕದಲ್ಲಿ ಹಿಡಿಯುವವರು ಇರಲೇಬೇಕು. ಒಂದೇ ದಿನ ಎರಡನ್ನೂ ಮಾಡುವುದಾದರೆ ಭಾರ ಮೊದಲು, ಹಗುರ ಕೊನೆಗೆ. 2004ರಲ್ಲಿ ಜಪಾನಿನ ಗೋಟೊ ತಂಡ ಭಾರದ ಸೆಟ್‌ಗಳ ಬೆನ್ನಿಗೇ ಹಗುರದ ಒಂದು ಸೆಟ್ ಸೇರಿಸಿದಾಗ ಬಲ ಇನ್ನಷ್ಟು ಹೆಚ್ಚಿತ್ತು. ತಾಲ್ಲೂಕಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಬಹುಕಾಲದಿಂದ ತಿಳಿದ ಸಂಗತಿ; ಅದು ಮೂಳೆ, ಕೀಲುಗಳನ್ನು ಬಾಧಿಸಬಲ್ಲದು. ಸೊಂಟ, ಕುತ್ತಿಗೆ, ಮೊಣಕಾಲು ಬಿಗಿಯುವ ಲಕ್ಷಣವಿರುವವರು, ವಯಸ್ಸು ಎಷ್ಟೇ ಇರಲಿ, ಬಾರ್‌ಬೆಲ್ ಹೆಗಲಿಗಿಡುವ ಮುನ್ನ ವೈದ್ಯರಿಗೆ ಮೂಳೆ ತೋರಿಸಿಕೊಳ್ಳಬೇಕು.